ಆಮದು ಬಿಯರ್: ಗಡಿ ದಾಟಿದ್ದೇನು, ದಾಟದೆ ಉಳಿದದ್ದೇನು?

ಓದುಗರೊಬ್ಬರ ಪ್ರಶ್ನೆ ಹೀಗಿದೆ: "ಬಿಯರ್ ಎಂದಿನಿಂದ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುತ್ತಿದೆ? ಸರ್ಕಾರಗಳು ಅದನ್ನು ಗಡಿಯಲ್ಲಿ ತಡೆದದ್ದು ಏಕೆ, ಹೇಗೆ? ವಿದೇಶಿ ಹೆಸರು ಹೊತ್ತ ಬಾಟಲಿಯ ಮೂಲೆಯಲ್ಲಿ ಬೇರೆಯೇ ದೇಶದಲ್ಲಿ ತಯಾರಾಯಿತೆಂದು ಬರೆದಿದ್ದರೆ ಅದನ್ನು ಆಮದು ಬಿಯರ್ ಎನ್ನಬಹುದೆ? ಅದರ ರುಚಿ ಮೂಲದ ರುಚಿಯಂತೆ ಇರುವುದಿಲ್ಲವೇಕೆ?"

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಮೂರನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಏಳು ಶತಮಾನಗಳ ದಾಖಲೆಗಳನ್ನು ನೋಡುತ್ತ ಹೋದಾಗ ನನಗೆ ಕಾಣುವ ಮುಖ್ಯ ಸಂಗತಿಯೆಂದರೆ, ಆಮದು ಬಿಯರ್ ಹೆಚ್ಚು ಕಾಲ ಆಮದಾಗಿ ಉಳಿಯುವುದು ಅಪರೂಪ. ಮೊದಲು ಪೀಪಾಯಿ ಬರುತ್ತದೆ. ಅದಕ್ಕೆ ಗಿರಾಕಿ ಹುಟ್ಟಿದ ಮೇಲೆ ಅದನ್ನು ಮಾಡಬಲ್ಲ ಕೆಲಸಗಾರ ಬರುತ್ತಾನೆ, ಇಲ್ಲವೆ ತಯಾರಿಸುವ ಹಕ್ಕು ಮಾತ್ರ ಬರುತ್ತದೆ. ಆಮೇಲೆ ಪೀಪಾಯಿ ಬರುವುದು ನಿಲ್ಲುತ್ತದೆ. ಇದಕ್ಕೆ ಕಾರಣ ಬಿಯರಿನ ಸ್ವಭಾವದಲ್ಲಿಯೇ ಇದೆ. ಬಿಯರಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಭಾಗ ನೀರು. ತೂಕ ಹೆಚ್ಚು, ತೂಕಕ್ಕೆ ಹೋಲಿಸಿದರೆ ಬೆಲೆ ಕಡಿಮೆ, ಇಟ್ಟರೆ ಕೆಡುತ್ತದೆ. ಬ್ರಾಂದಿಯನ್ನೋ ವೈನನ್ನೋ ದೂರ ಸಾಗಿಸಿ ಲಾಭ ಮಾಡಿದ ವರ್ತಕನಿಗೆ ಬಿಯರಿನಲ್ಲಿ ಅಷ್ಟೇ ಲಾಭ ಸಿಗುತ್ತಿರಲಿಲ್ಲ. ಆದ್ದರಿಂದ ಬಿಯರಿಗೆ ಮೊತ್ತಮೊದಲು ಗಡಿ ಹಾಕಿದ್ದು ಯಾವ ರಾಜನೂ ಅಲ್ಲ, ಅದು ಹುಳಿಯಾಗುವ ವೇಗ.

ಆ ಗಡಿಯನ್ನು ಹಿಂದಕ್ಕೆ ಸರಿಸಿದ್ದು ಹಾಪ್ಸ್ ಎಂಬ ಬಳ್ಳಿಯ ಹೂವು. ಹಾಪ್ಸ್ ಪಾನೀಯವನ್ನು ಕೊಳೆಯದಂತೆ ಕಾಯುತ್ತದೆ ಎಂದು ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ 12ನೆಯ ಶತಮಾನದಲ್ಲಿಯೇ ಬರೆದಿದ್ದಳು. ಅದಕ್ಕೂ ಮೊದಲು, ಆಮೇಲೂ ಎಷ್ಟೋ ಕಾಲ, ವಾಯವ್ಯ ಯುರೋಪಿನಲ್ಲಿ ಗ್ರೂಟ್ ಎಂಬ ಗಿಡಮೂಲಿಕೆಗಳ ಮಿಶ್ರಣವನ್ನು ಹಾಕಿ ಬಿಯರ್ ಮಾಡುತ್ತಿದ್ದರು. ಅದು ಬೇಗ ಕೆಡುತ್ತಿತ್ತು. 13ನೆಯ ಶತಮಾನದಲ್ಲಿ ಬ್ರೆಮೆನ್, ಹ್ಯಾಂಬರ್ಗ್ ಮೊದಲಾದ ಉತ್ತರ ಜರ್ಮನಿಯ ಬಂದರುಗಳು ಹಾಪ್ಸ್ ಹಾಕಿದ ಬಿಯರನ್ನು ಹಡಗಿಗೆ ಹೇರಿ ಈಗಿನ ನೆದರ್‌ಲ್ಯಾಂಡ್ಸ್ ಕಡೆಗೆ ಕಳಿಸತೊಡಗಿದವು. ಸಮುದ್ರಯಾನವನ್ನು ತಾಳಿಕೊಂಡು ಕುಡಿಯಲು ಯೋಗ್ಯವಾಗಿಯೇ ತಲುಪುವ ಬಿಯರ್ ಆ ಊರುಗಳಿಗೆ ಹೊಸದು. ಸರಕು ಬಂದ ಹಿಂದೆಯೇ ಸುಂಕವೂ ಬಂತು. 1323ರಲ್ಲಿ ಹಾಲೆಂಡಿನ ಕೌಂಟ್ ಮೂರನೆಯ ವಿಲ್ಲೆಮ್, ಹ್ಯಾಂಬರ್ಗಿನಿಂದ ಬರುವ ಬಿಯರಿನ ಸುಂಕವನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ವಸೂಲು ಮಾಡುವ ವ್ಯವಸ್ಥೆ ಮಾಡಿದ. ಅಂದು ಆಮ್‌ಸ್ಟರ್‌ಡ್ಯಾಮ್ ಸಣ್ಣ ಊರು. ಬಿಯರ್ ಹಡಗುಗಳು ಅಲ್ಲಿಗೆ ಬಂದು ಸುಂಕ ಕಟ್ಟಿ ಮುಂದೆ ಹೋಗಬೇಕಾದದ್ದರಿಂದ ಆ ಊರು ವ್ಯಾಪಾರಕೇಂದ್ರವಾಗಿ ಬೆಳೆಯಲು ದೊಡ್ಡ ಆಸರೆ ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ರೂಟ್ ಮಾರುವ ಹಕ್ಕು ಆ ಸೀಮೆಯ ಒಡೆಯರ ಅಥವಾ ಬಿಷಪ್ಪರ ಕೈಯಲ್ಲಿತ್ತು; ಬಿಯರ್ ಮಾಡುವವರೆಲ್ಲ ಅದನ್ನು ಅವರಿಂದಲೇ ಕೊಳ್ಳಬೇಕಾದದ್ದರಿಂದ ಅದು ನಿಜದಲ್ಲಿ ಒಂದು ತೆರಿಗೆಯೇ ಆಗಿತ್ತು. ಹಾಪ್ಸ್ ಹಾಕಿದ ಬಿಯರಿಗೆ ಗ್ರೂಟ್ ಬೇಕಿರಲಿಲ್ಲ. ಹಾಗಾಗಿ ಪರದೇಶದ ಬಿಯರ್ ಸ್ಥಳೀಯ ತಯಾರಕನ ಗಿರಾಕಿಯನ್ನಷ್ಟೇ ಅಲ್ಲ, ಒಡೆಯನ ಆದಾಯವನ್ನೂ ಕಿತ್ತುಕೊಂಡಿತು. ಮುಂದಿನ ಶತಮಾನಗಳಲ್ಲಿ ಆಮದು ಬಿಯರಿನ ವಿರುದ್ಧ ಕೇಳಿಬಂದ ಎಷ್ಟೋ ಆಕ್ಷೇಪಗಳ ಹಿಂದೆ ಇದೇ ಜೋಡಿ ಹಿತಾಸಕ್ತಿ ಇರುವುದನ್ನು ನೋಡಬಹುದು. ಹಾಲೆಂಡಿನ ಊರುಗಳು ಸುಮ್ಮನೆ ಕೂರಲಿಲ್ಲ. ತಾವೇ ಹಾಪ್ಸ್ ಬಿಯರ್ ಮಾಡುವುದನ್ನು ಕಲಿತು ಜರ್ಮನ್ ಬಿಯರಿನ ಜಾಗವನ್ನು ಹಿಡಿದುಕೊಂಡವು. ಒಡೆಯರು ಗ್ರೂಟಿನಿಂದ ಕಳೆದುಕೊಂಡ ಆದಾಯವನ್ನು ಹಾಪ್ಸ್ ಬಿಯರಿನ ಮೇಲೆ ತೆರಿಗೆ ಹಾಕಿ ತುಂಬಿಕೊಂಡರು.

ಇದೇ ಕಥೆ ಇಂಗ್ಲೆಂಡಿನಲ್ಲಿ ಇನ್ನೂ ಸ್ಪಷ್ಟವಾಗಿ ನಡೆಯಿತು. ಅಲ್ಲಿನವರು ಹಾಪ್ಸ್ ಇಲ್ಲದ ಏಲ್ ಕುಡಿಯುತ್ತಿದ್ದರು. 1400ರ ಸುಮಾರಿಗೆ ಸಸೆಕ್ಸ್ ತೀರದ ವಿಂಚೆಲ್ಸಿ ಬಂದರಿಗೆ ಕಡಲಾಚೆಯಿಂದ ಹಾಪ್ಸ್ ಬಿಯರ್ ಬಂದಿಳಿಯುತ್ತಿತ್ತು. ಕೆಲವೇ ದಶಕಗಳಲ್ಲಿ ಹಾಲೆಂಡ್ ಮತ್ತು ಜೀಲೆಂಡಿನ ಬಿಯರ್ ತಯಾರಕರೇ ಲಂಡನ್ನಿಗೆ ಬಂದು ನೆಲೆಸಿದರು. 1436ರಲ್ಲಿ ಇಂಗ್ಲೆಂಡಿಗೂ ಆ ಪ್ರಾಂತಗಳನ್ನು ಆಳುತ್ತಿದ್ದ ಬರ್ಗಂಡಿಯ ಡ್ಯೂಕನಿಗೂ ವೈರ ಹುಟ್ಟಿದಾಗ, ಈ ಪರದೇಶಿಗಳ ಬಿಯರ್ ವಿಷ, ಕುಡಿಯಲು ಯೋಗ್ಯವಲ್ಲ ಎಂಬ ಸುದ್ದಿ ಲಂಡನ್ನಿನಲ್ಲಿ ಹಬ್ಬಿತು. ಆಗ ದೊರೆ ಆರನೆಯ ಹೆನ್ರಿಯ ಹೆಸರಿನಲ್ಲಿ ನಗರದ ಶೆರೀಫರಿಗೆ ಆಜ್ಞೆ ಹೋಯಿತು: ಬಿಯರ್ ಆರೋಗ್ಯಕರವಾದ ಪಾನೀಯ, ಬೇಸಗೆಯಲ್ಲಂತೂ ವಿಶೇಷವಾಗಿ ಒಳ್ಳೆಯದು, ಅದನ್ನು ಮಾಡುವವರು ತಮ್ಮ ಕಸುಬನ್ನು ಮುಂದುವರಿಸಲಿ ಎಂದು ಸಾರಬೇಕೆಂದು. ಆಡಳಿತವೇ ಮುಂದೆ ನಿಂತು ಪರದೇಶದ ಬಿಯರಿನ ಪರವಾಗಿ ಮಾತಾಡಿದ ಈ ದಾಖಲೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ, ಏಕೆಂದರೆ ಇದಕ್ಕೆ ವಿರುದ್ಧವಾದ ದಾಖಲೆಗಳೇ ಹೆಚ್ಚು. ಮುಂದಿನ ಶತಮಾನದ ಹೊತ್ತಿಗೆ ಇಂಗ್ಲೆಂಡ್ ತನ್ನ ಹಾಪ್ಸ್ ಬಿಯರನ್ನು ಅದೇ ಕಡಲಾಚೆಯ ನಾಡಿಗೆ ರಫ್ತು ಮಾಡುತ್ತಿತ್ತು.

ಆಮದನ್ನು ನಿಲ್ಲಿಸುವುದಕ್ಕೆಂದೇ ಹುಟ್ಟಿದ ಬ್ರೂವರಿಯೊಂದು ಇಂದಿಗೂ ಜಗತ್ಪ್ರಸಿದ್ಧವಾಗಿದೆ. ಉತ್ತರ ಜರ್ಮನಿಯ ಐನ್‌ಬೆಕ್ ಎಂಬ ಸಣ್ಣ ನಗರದ ಗಟ್ಟಿ ಬಿಯರ್ 16ನೆಯ ಶತಮಾನದಲ್ಲಿ ಬವೇರಿಯಾದ ಆಸ್ಥಾನದವರೆಗೆ ಹೋಗುತ್ತಿತ್ತು. ಅಂದಿನ ಜರ್ಮನಿ ಒಂದು ದೇಶವಾಗಿರಲಿಲ್ಲ; ಐನ್‌ಬೆಕ್ಕಿನಿಂದ ಮ್ಯೂನಿಕ್ಕಿಗೆ ಬರುವ ಪೀಪಾಯಿ ಹಲವು ಒಡೆಯರ ಸೀಮೆಗಳನ್ನು ಹಾಯಬೇಕಿತ್ತು. ಖರ್ಚು ತಾಳಲಾರದೆ ಡ್ಯೂಕ್ ಐದನೆಯ ವಿಲ್ಹೆಲ್ಮ್ 1589ರಲ್ಲಿ ಮ್ಯೂನಿಕ್ಕಿನಲ್ಲಿ ಆಸ್ಥಾನದ್ದೇ ಬ್ರೂವರಿಯನ್ನು, ಅಂದರೆ ಹೋಫ್‌ಬ್ರಾಯ್‌ಹೌಸನ್ನು, ಕಟ್ಟಿಸಿದ. ಆದರೂ ಐನ್‌ಬೆಕ್ಕಿನ ರುಚಿ ಕೈಗೆ ಹತ್ತಲಿಲ್ಲ. 17ನೆಯ ಶತಮಾನದ ಆರಂಭದಲ್ಲಿ ಎಲಿಯಾಸ್ ಪಿಖ್ಲರ್ ಎಂಬ ಬ್ರೂವರ್‌ನನ್ನು ಐನ್‌ಬೆಕ್ಕಿನಿಂದಲೇ ಕರೆಸಿಕೊಂಡ ಮೇಲೆ ಆ ಬಗೆಯ ಬಿಯರ್ ಮ್ಯೂನಿಕ್ಕಿನಲ್ಲೇ ತಯಾರಾಯಿತು. ಇಂದು ಲೋಕ ಅದನ್ನು ಬವೇರಿಯಾದ ಬಿಯರೆಂದೇ ತಿಳಿಯುತ್ತದೆ.

ಸುಂಕದ ಒಂದು ಆದೇಶ ಹೇಗೆ ಬಿಯರಿನ ದಿಕ್ಕನ್ನೇ ಬದಲಿಸಬಲ್ಲುದು ಎಂಬುದಕ್ಕೆ 1822ರ ರಷ್ಯಾಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 18ನೆಯ ಶತಮಾನದುದ್ದಕ್ಕೂ ಲಂಡನ್ನಿನ ಕಪ್ಪು ಪೋರ್ಟರ್, ಬರ್ಟನ್ ಊರಿನ ಗಟ್ಟಿಯಾದ ಸಿಹಿ ಏಲ್ ಇವೆರಡೂ ಬಾಲ್ಟಿಕ್ ಸಮುದ್ರದ ಬಂದರುಗಳಿಗೆ ಹೋಗುತ್ತಿದ್ದವು. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಈ ವಹಿವಾಟು ಕುಸಿಯಿತು. ಯುದ್ಧ ಮುಗಿದು ಚೇತರಿಸಿಕೊಳ್ಳುವಷ್ಟರಲ್ಲಿ, ರಷ್ಯಾ 1822ರಲ್ಲಿ ಹೊಸ ಸುಂಕಪಟ್ಟಿ ಹೊರಡಿಸಿ ಬ್ರಿಟಿಷ್ ಸರಕುಗಳ ಉದ್ದ ಪಟ್ಟಿಯನ್ನೇ ನಿಷೇಧಿಸಿತು. ಏಲ್ ಆ ಪಟ್ಟಿಯಲ್ಲಿತ್ತು, ಪೋರ್ಟರ್ ಇರಲಿಲ್ಲ. ಪರಿಣಾಮವಾಗಿ ಬರ್ಟನ್ನಿನ ಬ್ರೂವರಿಗಳು ಮಾರುಕಟ್ಟೆ ಕಳೆದುಕೊಂಡವು. ಪೋರ್ಟರ್ ಮತ್ತು ಅದರ ಗಟ್ಟಿ ರೂಪವಾದ ಸ್ಟೌಟ್ ರಷ್ಯಾಕ್ಕೆ ಹೋಗುತ್ತಲೇ ಇದ್ದವು. 1869ರಲ್ಲಿ ಬಾಲ್ಟಿಕ್‌ನಲ್ಲಿ ಮುಳುಗಿದ ಹಡಗೊಂದರಿಂದ, ಲಂಡನ್ನಿನಿಂದ ವ್ಯಾಪಾರ ಮಾಡುತ್ತಿದ್ದ ಎ. ಲೆ ಕಾಕ್ ಕಂಪನಿಯ ಗುರುತಿನ ಸ್ಟೌಟ್ ಬಾಟಲಿಗಳು 1974ರಲ್ಲಿ ಸಿಕ್ಕಿವೆ. ಅದೇ ಕಂಪನಿ 20ನೆಯ ಶತಮಾನದ ಆರಂಭದಲ್ಲಿ, ಆಗ ರಷ್ಯಾ ಸಾಮ್ರಾಜ್ಯದೊಳಗಿದ್ದ ಎಸ್ಟೋನಿಯಾದ ಟಾರ್ಟು ನಗರದಲ್ಲಿ ಬ್ರೂವರಿಯೊಂದನ್ನು ಕೊಂಡು ಸ್ಟೌಟನ್ನು ಅಲ್ಲಿಯೇ ಮಾಡತೊಡಗಿತು. ಐನ್‌ಬೆಕ್ಕಿನ ಬಿಯರಿಗೆ ಮ್ಯೂನಿಕ್ಕಿನಲ್ಲಿ ಆದದ್ದೇ ಇಲ್ಲಿ ಸ್ಟೌಟಿಗೂ ಆಯಿತು.

ಬರ್ಟನ್ನಿನವರ ಮುಂದಿನ ದಾರಿ ಭಾರತ. ಅಲ್ಲಿಯ ಬ್ರಿಟಿಷ್ ಅಧಿಕಾರಿಗಳಿಗೆ ಬಿಯರ್ ಒದಗಿಸುವ ವ್ಯಾಪಾರವನ್ನು ಅಂದಿನವರೆಗೆ ಬಹುಪಾಲು ಹಿಡಿದಿದ್ದುದು ಲಂಡನ್ನಿನ ಪೂರ್ವಭಾಗದ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿ. ಹಾಡ್ಜ್‌ಸನ್ ಒಂದು ಹೊಸ ಬಗೆಯ ಬಿಯರನ್ನು ಭಾರತಕ್ಕಾಗಿಯೇ ಕಂಡುಹಿಡಿದನೆಂಬ ಮಾತು ಇಂದಿಗೂ ಎಲ್ಲೆಡೆ ಕೇಳಿಬರುತ್ತದೆ, ಅದಕ್ಕೆ ಆಧಾರವಿಲ್ಲ. ಅವನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂಗುತ್ತಿದ್ದ ಜಾಗಕ್ಕೆ ಹತ್ತಿರವಿತ್ತು, ಆ ಹಡಗುಗಳ ಕಪ್ತಾನರಿಗೆ ಸ್ವಂತ ವ್ಯಾಪಾರಕ್ಕೆ ಸರಕು ಒಯ್ಯುವ ಹಕ್ಕಿತ್ತು, ಹಾಡ್ಜ್‌ಸನ್ ಅವರಿಗೆ ದೀರ್ಘ ಅವಧಿಯ ಸಾಲ ಕೊಡುತ್ತಿದ್ದ. ಅವನ ಯಶಸ್ಸಿಗೆ ಇವೇ ಕಾರಣಗಳು. ಬಿಸಿ ಹವೆಯ ನಾಡಿಗೆ ಕಳಿಸುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬ ತಿಳಿವಳಿಕೆ ಇಂಗ್ಲೆಂಡಿನ ಬ್ರೂವರ್‌ಗಳಿಗೆ 1760ರ ದಶಕದಲ್ಲಿಯೇ ಇತ್ತು. ನಾಲ್ಕರಿಂದ ಆರು ತಿಂಗಳ ಯಾನ, ಎರಡು ಬಾರಿ ಭೂಮಧ್ಯರೇಖೆ ದಾಟುವ ದಾರಿ, ಆ ಸೆಕೆ, ಆ ಅಲುಗಾಟ ಇವೆಲ್ಲದರಲ್ಲಿ ಪೀಪಾಯಿಯೊಳಗಿನ ಬಿಯರ್ ಬೇಗ ಪಕ್ವವಾಗಿ, ಮನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಟ್ಟ ಬಿಯರಿನ ಗುಣ ಪಡೆಯುತ್ತಿತ್ತು. ಹಾಡ್ಜ್‌ಸನ್ನನ ಉತ್ತರಾಧಿಕಾರಿಗಳು 1820ರ ಆಸುಪಾಸಿನಲ್ಲಿ ಬೆಲೆ ಏರಿಸಿ, ಸಾಲ ನಿಲ್ಲಿಸಿ, ಕಪ್ತಾನರನ್ನೂ ಬದಿಗೊತ್ತಿ ತಾವೇ ಸಾಗಿಸಹೊರಟಾಗ ಈಸ್ಟ್ ಇಂಡಿಯಾ ಕಂಪನಿಯ ಕಡೆಯವರು ಬರ್ಟನ್ನಿನ ಸ್ಯಾಮ್ಯುಯೆಲ್ ಆಲ್‌ಸಾಪ್‌ನನ್ನು ಸಂಪರ್ಕಿಸಿದರು. ರಷ್ಯಾದ ಬಾಗಿಲು ಮುಚ್ಚಿದ ಸಮಯಕ್ಕೇ ಈ ಅವಕಾಶ ಬಂತು. ಕ್ಯಾಲ್ಸಿಯಂ ಸಲ್ಫೇಟ್ ಹೆಚ್ಚಿರುವ ಬರ್ಟನ್ನಿನ ಬಾವಿನೀರು ಹಾಪ್ಸ್ ಹೆಚ್ಚು ಹಾಕಿದ ತಿಳಿ ಬಣ್ಣದ ಬಿಯರಿಗೆ ಹೇಳಿಮಾಡಿಸಿದಂತಿತ್ತು. ಹೀಗೆ ಇಂಡಿಯಾ ಪೇಲ್ ಏಲ್ ಬರ್ಟನ್ನಿನ ಸರಕಾದದ್ದರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸುಂಕಪಟ್ಟಿಯ ಪಾಲು ಹಾಪ್ಸಿನ ಪಾಲಿಗಿಂತ ಕಡಿಮೆಯೇನಲ್ಲ ಎಂದು ನನ್ನ ಅಭಿಪ್ರಾಯ.

19ನೆಯ ಶತಮಾನದ ವಿಜ್ಞಾನವನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1842ರಲ್ಲಿ ಬೊಹೀಮಿಯಾದ ಪ್ಲಜೆನ್ ನಗರದಲ್ಲಿ ಯೋಸೆಫ್ ಗ್ರೋಲ್ ತಯಾರಿಸಿದ ಹೊಂಬಣ್ಣದ ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸಿ ಮಾಡುವ ಬಿಯರ್, ರೈಲು ಹತ್ತಿ ಯುರೋಪಿನ ನಗರಗಳಿಗೆ ಹೋಯಿತು. ಲೂಯಿ ಪಾಶ್ಚರನ ಸಂಶೋಧನೆಯಿಂದ ಬಿಯರ್ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂಬುದು ಖಚಿತವಾಯಿತು. ಕಾರ್ಲ್ ಲಿಂಡೆಯ ಶೀತಲೀಕರಣ ಯಂತ್ರ ಬಂತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. 1892ರಲ್ಲಿ ವಿಲಿಯಂ ಪೇಂಟರ್ ಬಾಟಲಿಯ ಲೋಹದ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಇವೆಲ್ಲ ಸೇರಿ ಬಿಯರನ್ನು ಎಷ್ಟು ದೂರಕ್ಕಾದರೂ ಕಳಿಸಲು ಸಾಧ್ಯವಾಯಿತು. ಅದೇ ಯಂತ್ರ, ಅದೇ ಯೀಸ್ಟ್ ಬೇರೆ ದೇಶದಲ್ಲೂ ಸಿಗುವುದರಿಂದ, ಕಳಿಸದೆಯೇ ಅಲ್ಲಿ ತಯಾರಿಸುವುದೂ ಅಷ್ಟೇ ಸುಲಭವಾಯಿತು. ಕೆಡುವ ಭಯ ಹೋದ ಮೇಲೆ ಗಡಿಯಲ್ಲಿ ಉಳಿದದ್ದು ಕಾನೂನು ಮಾತ್ರ.

ಕಾನೂನಿನ ಅತಿ ಕಠಿಣ ರೂಪ ಅಮೆರಿಕದ ಪಾನನಿಷೇಧ. 1920ರಿಂದ 1933ರವರೆಗೆ ಅಲ್ಲಿ ಬಿಯರ್ ತಯಾರಿಕೆ, ಮಾರಾಟ, ಆಮದು ಎಲ್ಲವೂ ಅಪರಾಧ. ಡೆಟ್ರಾಯಿಟ್ ನಗರದ ಎದುರು, ಇಕ್ಕಟ್ಟಾದ ಕಡೆ ಒಂದು ಮೈಲಿಗೂ ಕಡಿಮೆ ಅಗಲದ ನದಿಯಾಚೆ, ಕೆನಡಾದ ವಿಂಡ್ಸರ್ ಇತ್ತು. ಆಂಟೇರಿಯೊ ಪ್ರಾಂತ ತಾನೂ ಮಾರಾಟವನ್ನು ನಿರ್ಬಂಧಿಸಿತ್ತು, ಆದರೆ ರಫ್ತಿಗಾಗಿ ತಯಾರಿಸುವುದು ಕೆನಡಾದಲ್ಲಿ ಕಾನೂನುಬದ್ಧವಾಗಿತ್ತು. ಹೀಗಾಗಿ ನದಿಯ ಒಂದು ದಡದಲ್ಲಿ ಸುಂಕದ ಕಾಗದಪತ್ರವಿದ್ದ ಸರಕು, ಇನ್ನೊಂದು ದಡ ಮುಟ್ಟಿದಾಗ ಕಳ್ಳಸಾಗಣೆಯಾಗುತ್ತಿತ್ತು. ಅಮೆರಿಕದ ಒತ್ತಾಯಕ್ಕೆ ಮಣಿದು ಕೆನಡಾ 1930ರಲ್ಲಿ ಅಮೆರಿಕಕ್ಕೆ ಮದ್ಯದ ರಫ್ತನ್ನು ಕಾನೂನಿನಿಂದಲೇ ತಡೆಯಿತು. 1933ರ ಏಪ್ರಿಲ್ 7ರಂದು ಅಮೆರಿಕದಲ್ಲಿ ಲಘು ಬಿಯರಿಗೆ ಮತ್ತೆ ಅನುಮತಿ ಸಿಕ್ಕ ಅದೇ ತಿಂಗಳು ಹಾಲೆಂಡಿನ ಹೈನೆಕೆನ್ ಪೀಪಾಯಿಗಳು ನ್ಯೂಯಾರ್ಕ್ ಬಂದರು ಪ್ರದೇಶದಲ್ಲಿ ಇಳಿದವು.

ನಿಷೇಧಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು, ನಿಷೇಧವೆಂದು ಹೇಳಿಕೊಳ್ಳದೆಯೇ ಗಡಿಯಲ್ಲಿ ನಿಂತ ನಿಯಮಗಳು. ಜರ್ಮನಿಯ ಶುದ್ಧತಾ ಕಾನೂನು ಇವುಗಳಲ್ಲಿ ಹೆಸರಾದದ್ದು. 1516ರ ಏಪ್ರಿಲ್ 23ರಂದು ಬವೇರಿಯಾದ ಡ್ಯೂಕರು ಇಂಗೋಲ್‌ಸ್ಟಾಟ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನನ್ನೂ ಹಾಕುವಂತಿರಲಿಲ್ಲ. ಆದೇಶದ ಇನ್ನೊಂದು ಭಾಗ ಬಿಯರಿನ ಬೆಲೆಯನ್ನು ನಿಗದಿಪಡಿಸಿತ್ತು. 1906ರಲ್ಲಿ ಈ ನಿಯಮ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಅನ್ವಯವಾಯಿತು. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿ ಯುರೋಪಿನ ಸಾಮಾನ್ಯ ಮಾರುಕಟ್ಟೆ ಸೇರಿತು, ಸದಸ್ಯ ದೇಶಗಳ ನಡುವಿನ ಸುಂಕಗಳು ಹೋದವು. ಆದರೆ ಅಕ್ಕಿ, ಮೆಕ್ಕೆಜೋಳ ಅಥವಾ ಯಾವುದೇ ಸಂರಕ್ಷಕವನ್ನು ಬಳಸಿದ ಫ್ರೆಂಚ್ ಬಿಯರನ್ನು ಜರ್ಮನಿಯಲ್ಲಿ ಬಿಯರ್ ಎಂಬ ಹೆಸರಿನಲ್ಲಿ ಮಾರುವಂತಿರಲಿಲ್ಲ. ಅಲ್ಸಾಸ್ ಪ್ರಾಂತದ ಶಿಲ್ಟಿಗೈಮ್‌ನ ಬ್ರಾಸರಿ ದ್ಯು ಪೆಷರ್ ಎಂಬ ಬ್ರೂವರಿ ಇದೇ ಕಾರಣಕ್ಕೆ 1981ರಲ್ಲಿ ಜರ್ಮನಿಗೆ ರಫ್ತು ಮಾಡುವುದನ್ನು ನಿಲ್ಲಿಸಬೇಕಾಯಿತು.

ಯುರೋಪಿಯನ್ ಆಯೋಗ ಜರ್ಮನಿಯ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಜರ್ಮನಿಯ ಮುಖ್ಯ ವಾದ ಆರೋಗ್ಯದ್ದು: ನಮ್ಮ ಜನ ಬಿಯರನ್ನು ಬಹಳ ಕುಡಿಯುತ್ತಾರೆ, ಆದ್ದರಿಂದ ಅದರಲ್ಲಿ ಸಂಯೋಜಕಗಳು, ಅಂದರೆ ಕೆಡದಿರಲೆಂದೋ ರುಚಿಗೆಂದೋ ಹೊರಗಿನಿಂದ ಸೇರಿಸುವ ಪದಾರ್ಥಗಳು, ಇರಕೂಡದು. 1987ರ ಮಾರ್ಚ್ 12ರಂದು ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು ಇದನ್ನು ಒಪ್ಪಲಿಲ್ಲ. ಜರ್ಮನಿ ಬೇರೆ ಪಾನೀಯಗಳಲ್ಲಿ ಅನುಮತಿಸುವ ಸಂಯೋಜಕಗಳನ್ನು ಬಿಯರಿನಲ್ಲಿ ಮಾತ್ರ ಸಾರಾಸಗಟಾಗಿ ನಿಷೇಧಿಸುವುದು ಸರಿಯಲ್ಲ. ಬಳಕೆದಾರನಿಗೆ ಬಿಯರಿನಲ್ಲಿ ಏನೇನಿದೆಯೆಂದು ತಿಳಿಸಬೇಕಾದರೆ ಲೇಬಲ್ಲಿನ ಮೇಲೆ ಬರೆದರೆ ಸಾಕು ಎಂದು ನ್ಯಾಯಾಲಯ ಹೇಳಿತು. ಅದೇ ದಿನ ಗ್ರೀಸ್ ದೇಶದ ಇಂಥದೇ ಕಾನೂನಿನ ವಿರುದ್ಧವೂ ತೀರ್ಪು ಬಂತು. ಅಲ್ಸಾಸ್‌ನ ಬ್ರೂವರಿ ತನಗಾದ ನಷ್ಟಕ್ಕೆ 18 ಲಕ್ಷ ಜರ್ಮನ್ ಮಾರ್ಕ್ ಪರಿಹಾರ ಕೇಳಿತು. ಆ ಪ್ರಕರಣದಲ್ಲಿ 1996ರ ಮಾರ್ಚ್ 5ರಂದು ಬಂದ ತೀರ್ಪು, ಯುರೋಪಿನ ಕಾನೂನನ್ನು ಗಂಭೀರವಾಗಿ ಉಲ್ಲಂಘಿಸಿದ ಸರ್ಕಾರ ಅದರಿಂದ ನೊಂದವರಿಗೆ ಪರಿಹಾರ ಕೊಡಬೇಕೆಂಬ ತತ್ತ್ವವನ್ನು ಬಲಪಡಿಸಿತು. ಇಂದು ಬಿಯರಿನ ಸಂಬಂಧವೇ ಇಲ್ಲದ ಎಷ್ಟೋ ಮೊಕದ್ದಮೆಗಳಲ್ಲಿ ವಕೀಲರು ಅದನ್ನು ಉದ್ಧರಿಸುತ್ತಾರೆ. ಬ್ರೂವರಿಗೆ ಮಾತ್ರ ಜರ್ಮನ್ ನ್ಯಾಯಾಲಯದಲ್ಲಿ ಕೊನೆಗೂ ಪರಿಹಾರ ಸಿಗಲಿಲ್ಲ. ಇದು ಅನ್ಯಾಯವೆಂದೇ ನನಗನಿಸುತ್ತದೆ. ಜರ್ಮನ್ ಬ್ರೂವರಿಗಳು ಹೆದರಿದ್ದ ಹಾಗೆ ವಿದೇಶಿ ಬಿಯರಿನ ಪ್ರವಾಹವೂ ಬರಲಿಲ್ಲ; ಅಲ್ಲಿಯ ಕುಡಿಯುವವರು ತಮ್ಮ ಊರಿನ ಬಿಯರನ್ನು ಬಿಡಲಿಲ್ಲ.

ಆರೋಗ್ಯದ ಜಾಗದಲ್ಲಿ ಪರಿಸರವನ್ನು ಇಟ್ಟರೂ ವಾದದ ರಚನೆ ಬದಲಾಗುವುದಿಲ್ಲ. 1992ರಲ್ಲಿ ಆಂಟೇರಿಯೊ ಪ್ರಾಂತ ಬಿಯರ್ ಡಬ್ಬಿಯೊಂದಕ್ಕೆ 10 ಸೆಂಟ್ ಪರಿಸರ ತೆರಿಗೆ ಹಾಕಿತು. ಕೆನಡಾದ ಬ್ರೂವರಿಗಳು ಹೆಚ್ಚಾಗಿ ಮರಳಿ ತುಂಬುವ ಗಾಜಿನ ಬಾಟಲಿಗಳನ್ನು ಬಳಸುತ್ತಿದ್ದವು, ಅಮೆರಿಕದ ಬಿಯರ್ ಹೆಚ್ಚಾಗಿ ಅಲ್ಯೂಮಿನಿಯಂ ಡಬ್ಬಿಯಲ್ಲಿ ಬರುತ್ತಿತ್ತು. ತಂಪುಪಾನೀಯದ ಡಬ್ಬಿಗಳಿಗೆ ಆ ತೆರಿಗೆ ಇರಲಿಲ್ಲ ಎಂಬುದನ್ನು ಅಮೆರಿಕ ಎತ್ತಿ ತೋರಿಸಿ, ಆಂಟೇರಿಯೊದ ಬಿಯರಿಗೆ ಶೇಕಡಾ 50 ಸುಂಕ ಹಾಕಿತು. ಕೆನಡಾ ಪ್ರತಿಸುಂಕ ಹಾಕಿತು. 1993ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಅದೇ 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಒಪ್ಪಂದದ ವಿಚಾರಣಾ ಮಂಡಳಿ, ತನ್ನ ದೇಶದ ಸಣ್ಣ ಬ್ರೂವರಿಗಳಿಗೆ ಮಾತ್ರ ಅಬಕಾರಿ ಸುಂಕ ಕಡಿಮೆ ಮಾಡಿದ್ದ ಅಮೆರಿಕದ ನಡೆಯನ್ನೂ ತಪ್ಪೆಂದು ಹೇಳಿತ್ತು. ಅಂದರೆ ಎರಡೂ ದೇಶಗಳ ಕೈ ಶುದ್ಧವಿರಲಿಲ್ಲ. ಡಬ್ಬಿಯ ವಿಷಯ ಅಲ್ಲಿಗೆ ಮುಗಿಯಲಿಲ್ಲ: 2025ರ ಏಪ್ರಿಲ್‌ನಲ್ಲಿ ಅಮೆರಿಕ ಅಲ್ಯೂಮಿನಿಯಂ ಮೇಲಿನ ಶೇಕಡಾ 25 ಸುಂಕವನ್ನು ಆಮದಾಗುವ ಡಬ್ಬಿ ಬಿಯರಿಗೂ ವಿಸ್ತರಿಸಿತು. ಒಳಗಿನ ಬಿಯರ್ ಒಂದೇ ಆದರೂ ಗಾಜಿನ ಬಾಟಲಿಯಲ್ಲಿ ಬಂದದ್ದಕ್ಕೆ ಆಗ ಆ ಸುಂಕವಿರಲಿಲ್ಲ.

ಗಡಿಯ ಎರಡು ಬದಿಗಳಲ್ಲಿ ತೆರಿಗೆ ಬೇರೆ ಬೇರೆಯಾಗಿದ್ದಾಗ ಕುಡಿಯುವವನೇ ಆಮದುದಾರನಾಗುತ್ತಾನೆ. 1993ರ ಜನವರಿ 1ರಂದು ಯುರೋಪಿನ ಏಕ ಮಾರುಕಟ್ಟೆ ಜಾರಿಯಾದ ಮೇಲೆ ಸ್ವಂತ ಬಳಕೆಗೆ ಒಯ್ಯುವ ಬಿಯರಿಗೆ ಮರಳಿ ತೆರಿಗೆ ಕಟ್ಟಬೇಕಿರಲಿಲ್ಲ. 110 ಲೀಟರ್‌ವರೆಗೆ ಸಾಮಾನ್ಯವಾಗಿ ಪ್ರಶ್ನೆ ಕೇಳುತ್ತಿರಲಿಲ್ಲ. ಬ್ರಿಟನ್ನಿಗಿಂತ ಫ್ರಾನ್ಸಿನಲ್ಲಿ ತೆರಿಗೆ ಬಹಳ ಕಡಿಮೆಯಿದ್ದುದರಿಂದ ವ್ಯಾನುಗಳು ಕ್ಯಾಲೆ ಬಂದರಿಗೆ ಸಾಲುಗಟ್ಟಿದವು. ಎಸ್ಟೋನಿಯಾ 2004ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟ ಸೇರುವುದಿದೆಯೆಂದು ಫಿನ್ಲೆಂಡ್ ಅದೇ ಮಾರ್ಚ್‌ನಲ್ಲಿ ಮದ್ಯದ ತೆರಿಗೆಯನ್ನು ಸರಾಸರಿ ಮೂರನೆಯ ಒಂದರಷ್ಟು ಇಳಿಸಿತು. ನೆರೆಯ ದೇಶದ ಬಿಯರ್ ಗಡಿ ದಾಟುವ ಮೊದಲೇ ಇಲ್ಲಿಯ ಕಾನೂನನ್ನು ಬದಲಿಸಿದ ಅಪರೂಪದ ಪ್ರಸಂಗವಿದು.

ಪೀಪಾಯಿಯ ಹಿಂದೆಯೇ ತಯಾರಿಕೆಯೂ ಗಡಿ ದಾಟುತ್ತದೆಂದು ನಾನು ಮೊದಲು ಹೇಳಿದ ಮಾತಿಗೆ ದೊಡ್ಡ ಅಪವಾದ ಮೆಕ್ಸಿಕೊ. ಅಲ್ಲಿನ ಕೊರೊನಾ 1980ರ ದಶಕದಲ್ಲಿ ಅಮೆರಿಕದಲ್ಲಿ ವೇಗವಾಗಿ ಹಬ್ಬಿತು. 1987ರಲ್ಲಿ ಆ ಬಿಯರಿನಲ್ಲಿ ಮೂತ್ರ ಬೆರೆತಿದೆಯೆಂಬ ಸುಳ್ಳುಸುದ್ದಿ ಹರಡಿ, ಪ್ರತಿಸ್ಪರ್ಧಿ ಬಿಯರಿನ ವಿತರಕರೊಬ್ಬರ ಮೇಲೆ ಮೊಕದ್ದಮೆಯೂ ನಡೆಯಿತು. 1436ರ ಲಂಡನ್ನಿನ ವಿಷದ ಸುದ್ದಿಗೂ ಇದಕ್ಕೂ ಐದೂವರೆ ಶತಮಾನಗಳ ಅಂತರವಿದ್ದರೂ ಉದ್ದೇಶದಲ್ಲಿ ವ್ಯತ್ಯಾಸವಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಕೊರೊನಾ ಅಮೆರಿಕದ ಆಮದು ಬಿಯರುಗಳಲ್ಲಿ ಹೈನೆಕೆನ್ನನ್ನು ಹಿಂದೆ ಹಾಕಿತ್ತು. 2013ರಲ್ಲಿ ಎಬಿ ಇನ್‌ಬೆವ್ ಕಂಪನಿ ಕೊರೊನಾ ತಯಾರಿಸುವ ಮೆಕ್ಸಿಕೊದ ಗ್ರೂಪೊ ಮೊಡೆಲೊವನ್ನು ಕೊಂಡಾಗ, ಪೈಪೋಟಿ ಕುಗ್ಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ ತಕರಾರು ತೆಗೆಯಿತು. ಅದರ ಇತ್ಯರ್ಥವಾಗಿ ಅಮೆರಿಕದೊಳಗಿನ ಹಕ್ಕುಗಳೂ, ಟೆಕ್ಸಾಸ್ ಗಡಿಗೆ ಹತ್ತಿರದ ದೊಡ್ಡ ಬ್ರೂವರಿಯೂ ಕಾನ್‌ಸ್ಟಲೇಶನ್ ಬ್ರಾಂಡ್ಸ್ ಎಂಬ ಅಮೆರಿಕನ್ ಕಂಪನಿಯ ಕೈಗೆ ಬಂದವು. 2023ರಲ್ಲಿ ಗ್ರೂಪೊ ಮೊಡೆಲೊದ ಇನ್ನೊಂದು ಬಿಯರಾದ ಮೊಡೆಲೊ ಎಸ್ಪೆಸಿಯಾಲ್ ಮಾರಾಟದ ಮೌಲ್ಯದಲ್ಲಿ ಬಡ್ ಲೈಟನ್ನು ಮೀರಿ ಅಮೆರಿಕದ ಮೊದಲ ಸ್ಥಾನದ ಬಿಯರಾಯಿತು. ಭೂಗಡಿ ಹತ್ತಿರವಿದ್ದು, ಸಾಗಣೆ ಅಗ್ಗವಾಗಿ, ಹಲವು ದಶಕ ಸುಂಕದ ಕಾಟವೂ ಇಲ್ಲದಿದ್ದಾಗ ಬಿಯರ್ ನಿಜವಾಗಿ ಆಮದಾಗಿಯೇ ಉಳಿಯಬಲ್ಲುದು.

ಈಗ ನಿಮ್ಮ ಕೈಯಲ್ಲಿರುವ ಬಾಟಲಿಯ ಪ್ರಶ್ನೆ. ಅಮೆರಿಕದಲ್ಲಿ ಮಾರುವ ಮೊಡೆಲೊದ ಹಕ್ಕು ಅಮೆರಿಕನ್ ಕಂಪನಿಯದು, ಆದರೆ ಅದು ಗಡಿ ದಾಟಿ ಬರುವ ಆಮದು ಬಿಯರ್. ಜರ್ಮನಿಯ ಬ್ರೆಮೆನ್ ನಗರದ ಬೆಕ್ಸ್ ಇದಕ್ಕೆ ತದ್ವಿರುದ್ಧ. ಅಮೆರಿಕಕ್ಕೆ ಬೇಕಾದ ಬೆಕ್ಸನ್ನು 2012ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ತಯಾರಿಸತೊಡಗಿದರು, ಬೆಲೆ ಮಾತ್ರ ಆಮದು ಬಿಯರಿನ ಸಾಲಿನಲ್ಲಿಯೇ ಉಳಿಯಿತು. ಅಮೆರಿಕದಲ್ಲಿ ತಯಾರಾದದ್ದು ಎಂಬ ಸಾಲು ಲೇಬಲ್ಲಿನಲ್ಲಿತ್ತು, ಆದರೆ ಸುಲಭವಾಗಿ ಕಣ್ಣಿಗೆ ಬೀಳುವಂತಿರಲಿಲ್ಲ. ಗ್ರಾಹಕರು ಒಟ್ಟಾಗಿ ಹೂಡಿದ ದಾವೆ 2015ರಲ್ಲಿ ಇತ್ಯರ್ಥವಾಗಿ, ಕೊಂಡ ರಸೀದಿ ಇದ್ದ ಮನೆಗೆ 50 ಡಾಲರ್‌ವರೆಗೆ ಹಣ ಮರಳಿಸಲು ಕಂಪನಿ ಒಪ್ಪಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬಾಟಲಿಯ ಮೂಲೆಯಲ್ಲಿರುವ ತಯಾರಿಕೆಯ ಸ್ಥಳವೇ ಪ್ರಮಾಣ. ಅಲ್ಲಿ ನೀವು ಕೊಳ್ಳುತ್ತಿರುವ ದೇಶದ ಹೆಸರಿದ್ದರೆ ಅದು ಆಮದು ಬಿಯರಲ್ಲ. ಗಡಿ ದಾಟಿದ್ದು ಹೆಸರು, ತಯಾರಿಕೆಯ ಕ್ರಮ, ಬಹುಶಃ ಯೀಸ್ಟ್ ಮಾತ್ರ. ಹೆಸರಿನ ನಾಡೂ ಅಲ್ಲದ, ನಿಮ್ಮ ನಾಡೂ ಅಲ್ಲದ ಮೂರನೆಯ ದೇಶದ ಹೆಸರಿದ್ದರೆ ಅದು ಆಮದಾದ ಬಿಯರೇ, ಆದರೆ ಹೆಸರು ಸೂಚಿಸುವ ನಾಡಿನಿಂದ ಬಂದದ್ದಲ್ಲ.

ರುಚಿಯ ವ್ಯತ್ಯಾಸಕ್ಕೆ ಎರಡು ಬೇರೆ ಕಾರಣಗಳಿವೆ. ಪರವಾನಗಿಯ ಮೇಲೆ ಬೇರೆಡೆ ಮಾಡಿದ ಬಿಯರಿನಲ್ಲಿ ನೀರೂ ಧಾನ್ಯವೂ ಕೆಲವೊಮ್ಮೆ ಪಾಕಕ್ರಮವೂ ಬದಲಾಗಿರುತ್ತದೆ. 1970ರ ದಶಕದಲ್ಲಿ ಮ್ಯೂನಿಕ್ಕಿನ ಲೋವೆನ್‌ಬ್ರಾಯ್‌ನ ತಯಾರಿಕೆ ಅಮೆರಿಕಕ್ಕೆ ಹೋದಾಗ ಹೀಗೇ ಆಯಿತು. ನಿಜವಾಗಿ ಗಡಿ ದಾಟಿ ಬಂದದ್ದರಲ್ಲಿ ಬದಲಾಗುವುದು ವಯಸ್ಸು. ಲಘು ಲಾಗರ್ ಹಡಗಿನಲ್ಲಿ, ಗೋದಾಮಿನಲ್ಲಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಕಳೆದರೆ ಆಮ್ಲಜನಕ ತಾಗಿ ಒದ್ದೆ ರಟ್ಟಿನಂಥ ವಾಸನೆ ಬರುತ್ತದೆ; ಹಸಿರು ಅಥವಾ ಬಿಳಿ ಗಾಜಿನ ಬಾಟಲಿಯ ಮೇಲೆ ಬೆಳಕು ಬಿದ್ದರೆ ಹಾಪ್ಸಿನ ಕಹಿಯಂಶ ಒಡೆದು ಗಂಧಕದ ನಾತ ಹುಟ್ಟುತ್ತದೆ, ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಕೊಳ್ಳುವಾಗ ಸ್ಥಳದ ಹೆಸರಿನ ಜೊತೆಗೆ ತಯಾರಾದ ದಿನಾಂಕವನ್ನೂ ಗಾಜಿನ ಬಣ್ಣವನ್ನೂ ನೋಡಿ.